ಹೊಸ ಟೈರಿನ ಎರಡು ಸುತ್ತು: ಫಾರ್ಮುಲಾ 4ರಲ್ಲಿ ಒಂದು ಸೀಸನ್

ಕಾರ್ಟಿಂಗ್ (ಚಿಕ್ಕ ರೇಸು ಬಂಡಿ) ಮುಗಿಸಿದ ಮಕ್ಕಳು ಹತ್ತುವ ರೇಸ್ ಕಾರಿನ ಮೊದಲ ಮೆಟ್ಟಿಲು ಫಾರ್ಮುಲಾ 4 (ಎಫ್4). ಅಲ್ಲಿ ಒಂದು ಸೀಸನ್ ಅಂದರೆ ಹೆಚ್ಚುಕಡಿಮೆ ಏಳು ವಾರಾಂತ್ಯ, ಇಪ್ಪತ್ತರ ಆಸುಪಾಸು ರೇಸು, ಅದಕ್ಕೂ ಮೊದಲು ನಾಲ್ಕೈದು ತಿಂಗಳ ಟೆಸ್ಟಿಂಗ್. ಇಷ್ಟೆಲ್ಲ ಓಡಾಟದ ನಡುವೆ ಗ್ಯಾರೇಜಿನವರು ಕಾಯುವುದು ಒಂದು ಗಳಿಗೆಗಾಗಿ: ಹೊಸ ಟೈರು ಹದಕ್ಕೆ ಬಂದು, ಆ ಹದ ಇಳಿಯುವ ಮೊದಲು ಸಿಗುವ ಎರಡು ಸುತ್ತು. ಕ್ವಾಲಿಫೈಯಿಂಗ್‌ನಲ್ಲಿ (ಸುತ್ತಿನ ಸಮಯ ನೋಡಿ ಯಾರು ಎಲ್ಲಿಂದ ಹೊರಡಬೇಕೆಂದು ನಿರ್ಧರಿಸುವ ಸೆಷನ್) ಆ ಎರಡು ಸುತ್ತು ಕೂಡಿಬಂದರೆ ಗ್ರಿಡ್‌ನ, ಅಂದರೆ ರೇಸಿಗೆ ಹೊರಡುವ ಸಾಲುಗಳ, ಮುಂದಿನ ಸಾಲು. ಕೈತಪ್ಪಿದರೆ ಹದಿನೈದನೇ ಜಾಗದಲ್ಲಿ ನಿಂತು, ಮೊದಲ ತಿರುವಿನಲ್ಲಿ ಯಾರ ಕಾರಿನ ಮೂತಿ ಮುರಿಯುತ್ತದೋ ಎಂದು ನೋಡುತ್ತ ಹೊರಡಬೇಕು. ಕಾರ್ಟಿಂಗ್‌ನಿಂದ ಬರುವ ಮಕ್ಕಳಿಗೂ ಅವರ ಮನೆಯವರಿಗೂ ಇದು ತಲೆಗೆ ಹತ್ತಲು ಅರ್ಧ ಸೀಸನ್ ಹಿಡಿಯುತ್ತದೆ. ಅಷ್ಟರಲ್ಲಿ ಪಾಯಿಂಟ್ಸ್ ಪಟ್ಟಿ ಬಹಳ ದೂರ ಹೋಗಿರುತ್ತದೆ.

ಶುರುವಾಗುವುದು ಸೀಟಿನಿಂದ. ಕಾರಿನೊಳಗೆ ಸಿದ್ಧ ಸೀಟು ಇರುವುದಿಲ್ಲ, ಕಾರ್ಬನ್ ಫೈಬರ್ ತೊಟ್ಟಿಯಷ್ಟೇ ಇರುತ್ತದೆ. ಚಾಲಕನ ಮೈ ಅಚ್ಚಿನಿಂದಲೇ ಸೀಟು ಎರಕ ಹೊಯ್ಯಬೇಕು. ತೊಟ್ಟಿಯ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹಾಸಿ ಟೇಪು ಹಚ್ಚಿ, ಪೆಡಲ್ ಕಡೆಗೆ ಫೋಮ್ ಹರಿಯದಂತೆ ಮೊದಲು ಭದ್ರ ಮಾಡಬೇಕು. ಆಮೇಲೆ ದಪ್ಪ ಕಸದ ಚೀಲ ಎರಡು, ಒಂದರೊಳಗೊಂದು. ಎರಡು ಡಬ್ಬಿಯ ರಾಸಾಯನಿಕವನ್ನು ತಯಾರಕರು ಹೇಳಿದ ಅಳತೆಯಲ್ಲಿ ಬೆರೆಸಿ ಕೆಲವೇ ಸೆಕೆಂಡು ಕಲಕಿ ಚೀಲಕ್ಕೆ ಸುರಿದರೆ ಅದು ನೊರೆಯಂತೆ ಉಬ್ಬುತ್ತದೆ. ಅಷ್ಟರೊಳಗೆ ಚಾಲಕ ರೇಸ್ ಸೂಟು, ಬೂಟು ಹಾಕಿಕೊಂಡು ಕೂತು, ಬೆಲ್ಟು ಬಿಗಿದುಕೊಂಡು, ಸ್ಟೀರಿಂಗ್ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟಿರಬೇಕು. ಹತ್ತು ಹದಿನೈದು ನಿಮಿಷ ಅಲುಗಾಡುವಂತಿಲ್ಲ. ಬೆನ್ನಿಗೆ ಚೆನ್ನಾಗಿಯೇ ಬಿಸಿ ತಾಗುತ್ತದೆ, ಅದಕ್ಕೆ ಗಾಬರಿಪಟ್ಟು ಎದ್ದರೆ ಹೊಯ್ದದ್ದೆಲ್ಲ ದಂಡ.

ಒಂದೇ ಸಲಕ್ಕೆ ಇಡೀ ಸೀಟು ಹೊಯ್ಯಲು ಹೋಗಬೇಡಿ. ಮೊದಲು ಸೊಂಟ ಮತ್ತು ತೊಡೆಯ ಕೆಳಭಾಗ, ಅದು ಗಟ್ಟಿಯಾದ ಮೇಲೆ ಪಕ್ಕೆಲುಬು ಮತ್ತು ಭುಜದ ಪಕ್ಕ. ಉಬ್ಬುವ ಫೋಮು ಆಳನ್ನು ಮೇಲಕ್ಕೂ ಮುಂದಕ್ಕೂ ತಳ್ಳುತ್ತದೆ, ಹಾಗಾಗಿ ಒಬ್ಬರು ನಿಂತು ಭುಜ ಒತ್ತಿ ಹಿಡಿದಿರಬೇಕು. ಚೀಲದ ಮಡಿಕೆ ಬೆನ್ನಿನ ಕಡೆ ಉಳಿದರೆ ಅದೇ ಏಣಿನಂತೆ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ಕೂತಾಗ ಅದರ ಸುದ್ದಿಯೇ ಇರುವುದಿಲ್ಲ. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಪಕ್ಕೆಯ ಚರ್ಮ ಕಿತ್ತುಬರುತ್ತದೆ. ಏಣುಗಳನ್ನು ಗರಗಸದ ಅಲಗಿನಲ್ಲಿ ಕೆತ್ತಿ, ಉಜ್ಜುಕಾಗದದಲ್ಲಿ ಉಜ್ಜಿ, ಇಡೀ ಸೀಟಿಗೆ ಬಟ್ಟೆ ಟೇಪು ಸುತ್ತಿದರೆ ಕೆಲಸ ಮುಗಿಯಿತು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮೊಣಕೈ ತೊಟ್ಟಿಯ ಗೋಡೆಗೆ ತಾಗಬಾರದು, ಮೊಣಕಾಲು ಸ್ಟೀರಿಂಗ್ ಕಂಬಕ್ಕೆ ಬಡಿಯಬಾರದು. ಹೇಲೋ (ತಲೆ ಕಾಯುವ ಲೋಹದ ಕಮಾನು) ಇರುವ ಕಾರಿನಿಂದ ಯಾರ ಸಹಾಯವೂ ಇಲ್ಲದೆ ಕೆಲವೇ ಸೆಕೆಂಡಿನಲ್ಲಿ ಹೊರಬರಲು ಆಗಬೇಕು. ಸ್ಟೀರಿಂಗ್ ಕಳಚು, ಬೆಲ್ಟು ಬಿಚ್ಚು, ಏಳು: ಕಣ್ಣು ಮುಚ್ಚಿಕೊಂಡೂ ಇದು ಬರಬೇಕು.

ಒಂದು ಸೀಟಿಗೆ ಇಷ್ಟು ರಾಮಾಯಣ ಯಾಕೆ ಅಂದರೆ, ಈ ಕಾರಿನ ಬ್ರೇಕಿಗೆ ಕಾಲಿನ ಬಲ ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಪೆಡಲ್‌ನ್ನು ಅರವತ್ತು ಎಪ್ಪತ್ತು ಕಿಲೋ ಮೀರಿದ ಬಲದಲ್ಲಿ ಒದೆಯಬೇಕು, ಅದೂ ಪ್ರತಿ ಸುತ್ತೂ ಒಂದೇ ಅಳತೆಯಲ್ಲಿ. ಸೊಂಟ ಸೀಟಿನಲ್ಲಿ ಒಂದು ಸೆಂಟಿಮೀಟರ್ ಜಾರಿದರೂ ಕಾಲಿನ ಲೆಕ್ಕ ತಪ್ಪುತ್ತದೆ. ಅಲ್ಲದೆ ಕಾರಿನ ಬಾಲ ಜಾರತೊಡಗುವುದು ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಬೆನ್ನಿಗೆ.

ಕಾಗದಪತ್ರದ ವಿಷಯ ಬೇಗ ಮುಗಿಸಬಹುದು. ಎಫ್4 ಓಡಿಸಲು 15 ವರ್ಷ ತುಂಬಿರಬೇಕು, ಆಯಾ ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆಯ ಮೂಲಕ ಲೈಸೆನ್ಸು ಪಡೆದಿರಬೇಕು, ವೈದ್ಯಕೀಯ ಪರೀಕ್ಷೆ ಆಗಿರಬೇಕು. ಹೆಲ್ಮೆಟ್, ಹೆಲ್ಮೆಟ್‌ಗೆ ಸಿಕ್ಕಿಸುವ ಕುತ್ತಿಗೆ ರಕ್ಷಕ ಹ್ಯಾನ್ಸ್, ಸೂಟು, ಕೈಗವಸು, ಒಳ ಉಡುಪು, ಬಲಾಕ್ಲಾವಾ (ಹೆಲ್ಮೆಟ್ ಒಳಗೆ ತಲೆಗೆ ಹಾಕುವ ಬಟ್ಟೆ), ಎಲ್ಲಕ್ಕೂ ಎಫ್‌ಐಎ (ಅಂತಾರಾಷ್ಟ್ರೀಯ ಮೋಟಾರ್ ಸ್ಪೋರ್ಟ್ ಸಂಸ್ಥೆ) ಗುರುತು ಬೇಕು. ಸೂಟಿನ ಇತ್ತೀಚಿನ ಮಾನದಂಡ 8856-2018, ಲೇಬಲ್ ಕಾಲರಿನ ಮೇಲೇ ಹೊಲಿದಿರುತ್ತದೆ. ಒಳಗೆ ಮಾಮೂಲಿ ನೈಲಾನ್ ಬನಿಯನ್ ಹಾಕಿಕೊಂಡು ಬರುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಬೆಂಕಿ ತಗುಲಿದರೆ ನೈಲಾನ್ ಕರಗಿ ಮೈಗೆ ಅಂಟುತ್ತದೆ, ಮೇಲಿನ ಸೂಟು ಎಷ್ಟೇ ಒಳ್ಳೆಯದಿದ್ದರೂ ಅಷ್ಟೇ.

ಫಾರ್ಮುಲಾ 1 (ಎಫ್1) ಓಡಿಸಲು ಬೇಕಾದ ಸೂಪರ್ ಲೈಸೆನ್ಸಿಗೆ ಸಾಮಾನ್ಯವಾಗಿ 18 ವರ್ಷ ಆಗಿರಬೇಕು, ಮೂರು ಸೀಸನ್ ಒಳಗೆ 40 ಪಾಯಿಂಟ್ ಕೂಡಿರಬೇಕು. ಎಫ್4 ಚಾಂಪಿಯನ್‌ಗೆ ಸಿಗುವುದು 12, ಏಳನೇ ಸ್ಥಾನದವರಿಗೆ 1. ಅಂದರೆ ಇಲ್ಲಿ ಗೆದ್ದರೂ ಇನ್ನೂ ದೂರ ಹೋಗುವುದಿದೆ. 2014ರಲ್ಲಿ ಇಟಾಲಿಯನ್ ಎಫ್4 ಗೆದ್ದ ಲ್ಯಾನ್ಸ್ ಸ್ಟ್ರೋಲ್, 2015ರಲ್ಲಿ ಬ್ರಿಟನ್ನಿನ ಸರಣಿ ಗೆದ್ದ ಲ್ಯಾಂಡೋ ನಾರಿಸ್, 2022ರಲ್ಲಿ ಇಟಲಿಯಲ್ಲೂ ಜರ್ಮನಿಯಲ್ಲೂ ಗೆದ್ದ ಕಿಮಿ ಆಂಟೊನೆಲ್ಲಿ ಈ ಮೆಟ್ಟಿಲು ಹತ್ತಿಯೇ ಹೋದವರು. ಎಫ್4 ಬಿಟ್ಟು ನೇರ ಮೇಲಿನ ಮೆಟ್ಟಿಲಾದ ಎಫ್3ಗೆ ಜಿಗಿದು 17ನೇ ವಯಸ್ಸಿಗೇ ಎಫ್1ಗೆ ಬಂದ ಮ್ಯಾಕ್ಸ್ ವೆರ್ಸ್ಟಾಪನ್ ಉದಾಹರಣೆ ಕೊಟ್ಟು ಎಫ್4 ಬೇಕಿಲ್ಲ ಎಂದು ವಾದಿಸುವ ಅಪ್ಪಂದಿರು ಸಿಗುತ್ತಾರೆ. ವಯಸ್ಸಿನ ಆ ನಿಯಮ ಬಂದಿದ್ದೇ ಅವನು ಬಂದ ಮೇಲೆ.

ಇನ್ನು ಕಾರು. ಒಂದು ಚಾಂಪಿಯನ್‌ಶಿಪ್‌ನಲ್ಲಿ ಎಲ್ಲರದೂ ಒಂದೇ ಕಂಪನಿಯ ಚಾಸಿ (ಕಾರಿನ ಮೈಕಟ್ಟು), ಒಂದೇ ಎಂಜಿನ್, ಒಂದೇ ಟೈರು. ಟಾಟುಸ್, ಮಿಗಾಲ್, ಲಿಜಿಯೇ ಇವು ಮುಖ್ಯ ತಯಾರಕರು. ಈಗಿನ ಎರಡನೇ ತಲೆಮಾರಿನ ಕಾರುಗಳಿಗೆ ಹೇಲೋ ಇದೆ. ಟಾಟುಸ್ ಟಿ421ರಲ್ಲಿ 1.4 ಲೀಟರಿನ ಅಬಾರ್ತ್ ಟರ್ಬೊ ಎಂಜಿನ್, ಪ್ಯಾಡಲ್‌ನಿಂದ ಬದಲಿಸುವ ಆರು ಗೇರು. ಎಂಜಿನ್ನಿಗೆ ಸೀಲು ಹಾಕಿರುತ್ತದೆ, ತಂಡದವರು ಬಿಚ್ಚುವಂತಿಲ್ಲ. ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್, ಪವರ್ ಸ್ಟೀರಿಂಗ್, ಟೈರು ಬೆಚ್ಚಗಿಡುವ ಕಂಬಳಿ ಯಾವುದೂ ಇಲ್ಲ. ನಮ್ಮ ಕೈಯಲ್ಲಿ ಉಳಿಯುವುದು ಟೈರಿನ ಗಾಳಿ, ಕಾರಿನ ಎತ್ತರ, ಕ್ಯಾಂಬರ್ (ಚಕ್ರದ ವಾಲು), ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು), ಸ್ಪ್ರಿಂಗು, ಡ್ಯಾಂಪರ್ (ಕುಲುಕು ತಡೆಯುವ ಭಾಗ), ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸಲಾಕೆ), ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಯ ಕೋನ, ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಬ್ರೇಕಿನ ನಡುವೆ ಬಲದ ಹಂಚಿಕೆ). ಇಷ್ಟರಲ್ಲೇ ಆಟ.

ಕಾರ್ಟಿನಿಂದ ಬಂದವರು ಮೊದಲು ಮರೆಯಬೇಕಾದ್ದು ಬ್ರೇಕು. ಗೇರಿಲ್ಲದ ಕಾರ್ಟಿನಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಸಸ್ಪೆನ್ಷನ್ ಇಲ್ಲ. ಸ್ಟೀರಿಂಗ್ ಝಾಡಿಸಿ ಒಳಗಿನ ಹಿಂದಿನ ಚಕ್ರ ನೆಲದಿಂದ ಎತ್ತಿಸಿ ತಿರುಗಿಸುವುದು ಅಲ್ಲಿನ ವಿದ್ಯೆ. ಅದೇ ಝಾಡು ಇಲ್ಲಿ ಕೊಟ್ಟರೆ ಮುಂದಿನ ಟೈರಿನ ಹಿಡಿತ ಒಮ್ಮೆಲೇ ಹೋಗಿ ಮೂತಿ ಹೊರಗೆ ಜಾರುತ್ತದೆ. ಎಫ್4ರಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕು, ಜೊತೆಗೆ ರೆಕ್ಕೆಯ ಒತ್ತಡ. ಆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಇದ್ದ ಒತ್ತಡ 100ಕ್ಕೆ ಇಳಿದಾಗ ಕಾಲು ಭಾಗವಷ್ಟೇ ಉಳಿದಿರುತ್ತದೆ. ಆದ್ದರಿಂದ ಬ್ರೇಕನ್ನು ಮೊದಲ ಕ್ಷಣದಲ್ಲೇ ಪೂರ್ತಿ ಬಲದಿಂದ ಒದ್ದು, ವೇಗ ಇಳಿದಂತೆಲ್ಲ ಕಾಲನ್ನು ಸಡಿಲಿಸುತ್ತ ಬರಬೇಕು. ಕಾರಿನ ಸೆನ್ಸರ್ ದಾಖಲಿಸಿದ ಡೇಟಾದಲ್ಲಿ ಬ್ರೇಕಿನ ಗೆರೆ ಗೋಡೆಯಂತೆ ನೇರ ಏರಿ, ಇಳಿಜಾರಿನಂತೆ ಇಳಿಯಬೇಕು. ಹೊಸಬರ ಗೆರೆ ಗುಡ್ಡದಂತಿರುತ್ತದೆ: ನಿಧಾನ ಏರಿ, ನಡುವೆ ಉಬ್ಬಿ, ಕೊನೆಗೆ ತಿರುವಿನ ಬಾಯಲ್ಲಿ ಹೆದರಿ ಇನ್ನೊಮ್ಮೆ ಒತ್ತಿದ ಗುರುತು. ಆ ಕೊನೆಯ ಒತ್ತಿಗೇ ಒಳಗಿನ ಮುಂದಿನ ಚಕ್ರ ಲಾಕ್ ಆಗಿ ಟೈರಿನ ಮೇಲೆ ಚಪ್ಪಟೆ ಕಲೆ ಬೀಳುವುದು. ಒಮ್ಮೆ ಕಲೆ ಬಿದ್ದ ಟೈರು ಮತ್ತೆ ಮತ್ತೆ ಅದೇ ಜಾಗದಲ್ಲಿ ಲಾಕ್ ಆಗುತ್ತದೆ, ಸ್ಟೀರಿಂಗ್ ಗಡಗಡ ಅಲುಗುತ್ತದೆ. ಒಂದು ಹೊಸ ಸೆಟ್ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಸಣ್ಣ ನಷ್ಟವೂ ಡೇಟಾದಲ್ಲೇ ಸಿಕ್ಕಿಬೀಳುತ್ತದೆ. ಆಕ್ಸಿಲರೇಟರಿನಿಂದ ಕಾಲೆತ್ತಿದ್ದಕ್ಕೂ ಬ್ರೇಕ್ ಒತ್ತಿದ್ದಕ್ಕೂ ನಡುವೆ ಸುಮ್ಮನೆ ಉರುಳಿದ ಅವಧಿ. 200 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಹೋಗುತ್ತದೆ. 0.2 ಸೆಕೆಂಡು ಸುಮ್ಮನಿದ್ದರೆ 11 ಮೀಟರ್ ನೀರಿಗೆ ಹೋದಂತೆ. ಎಡಗಾಲಿನಲ್ಲಿ ಬ್ರೇಕ್ ಮಾಡುವವರಿಗೆ ಈ ಖಾಲಿ ಜಾಗ ಇರಲೇಬಾರದು. ಆದರೂ ಮೊದಲ ಟೆಸ್ಟಿನಲ್ಲಿ ಎಲ್ಲರಲ್ಲೂ ಇರುತ್ತದೆ, "ನಾನು ತಕ್ಷಣ ಒತ್ತಿದೆ" ಎಂಬ ವಾದವೂ ಇರುತ್ತದೆ. ಗೆರೆ ತೋರಿಸಿದರೆ ವಾದ ಮುಗಿಯಿತು.

ಚಳಿಗಾಲದ ಟೆಸ್ಟಿಂಗ್ ಬಹುಪಾಲು ಸವೆದ ಟೈರಿನಲ್ಲೇ ನಡೆಯುತ್ತದೆ. ಬೆಳಿಗ್ಗೆ ಕಾರನ್ನು ಸಮತಟ್ಟಾದ ತಟ್ಟೆಗಳ ಮೇಲೆ ನಿಲ್ಲಿಸಿ ನಾಲ್ಕು ಚಕ್ರದ ತೂಕ ನೋಡುತ್ತೇವೆ. ಚಾಲಕ ಸೂಟು, ಹೆಲ್ಮೆಟ್ ಸಮೇತ ಒಳಗಿರಬೇಕು, ಟೈರಿನ ಗಾಳಿ ಸರಿಯಿರಬೇಕು, ಆಂಟಿ ರೋಲ್ ಬಾರ್‌ನ ಕೊಂಡಿ ಕಳಚಿರಬೇಕು. ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರದ ತೂಕ ಕೂಡಿದರೆ ಒಟ್ಟು ತೂಕದ ಅರ್ಧಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತದೆ. ಒಂದು ಮೂಲೆಯ ಪುಶ್‌ರಾಡ್ (ಚಕ್ರದಿಂದ ಸ್ಪ್ರಿಂಗಿಗೆ ಬಲ ಒಯ್ಯುವ ಕಡ್ಡಿ) ಉದ್ದ ಮಾಡಿದರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ತೂಕ ಏರುತ್ತದೆ, ಉಳಿದ ಎರಡಕ್ಕೆ ಇಳಿಯುತ್ತದೆ. ಒಂದನ್ನೇ ತಿರುಗಿಸಿದರೆ ಎತ್ತರ ಕೆಡುವುದರಿಂದ ನಾಲ್ಕನ್ನೂ ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಎತ್ತರದ ಲೆಕ್ಕ ಮಿಲಿಮೀಟರಿನಲ್ಲಿ. ಹಿಂಬದಿ ಎತ್ತಿದರೆ ಮುಂದಿನ ರೆಕ್ಕೆ ನೆಲಕ್ಕೆ ಹತ್ತಿರವಾಗಿ ಮೂತಿಯ ಹಿಡಿತ ಹೆಚ್ಚುತ್ತದೆ, ಬಾಲ ಹಗುರವಾಗುತ್ತದೆ.

ಬದಲಾವಣೆ ಒಂದು ಸಲಕ್ಕೆ ಒಂದೇ. ಮಾಡಿ ನೋಡಿ, ಮತ್ತೆ ಹಳೆಯದಕ್ಕೆ ಮರಳಿ ನೋಡಿ. ಈ ಮರಳುವ ಹಂತವನ್ನು ಅವಸರದಲ್ಲಿ ಬಿಡುವ ತಂಡಗಳು ಬಹಳ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಟ್ರ್ಯಾಕ್ ತಾನಾಗಿ ಬೆಚ್ಚಗಾಗಿ, ರಬ್ಬರು ಕೂತು ಸಮಯ ಇಳಿದಿರುತ್ತದೆ. ಅದನ್ನು ಹೊಸ ಸ್ಪ್ರಿಂಗಿನ ಮಹಿಮೆ ಅಂತ ಬರೆದುಕೊಂಡು ಮನೆಗೆ ಹೋಗುತ್ತಾರೆ.

ಚಾಲಕ ಬಂದು ಹೇಳುವ ಮಾತಿಗೂ ಶಿಸ್ತು ಬೇಕು. "ಕಾರು ಚೆನ್ನಾಗಿಲ್ಲ" ಅನ್ನುವುದರಿಂದ ಎಂಜಿನಿಯರಿಗೆ ಏನೂ ಸಿಗುವುದಿಲ್ಲ. ಯಾವ ತಿರುವು, ಅದರ ಯಾವ ಹಂತ, ಬ್ರೇಕಿನ ಮೇಲಿದ್ದಾಗಲೋ, ಕಾಲು ಬಿಟ್ಟಾಗಲೋ, ಆಕ್ಸಿಲರೇಟರ್ ಕೊಟ್ಟಾಗಲೋ? ಜಾರಿದ್ದು ಮೂತಿಯೋ ಬಾಲವೋ? ಎಷ್ಟನೇ ಸುತ್ತಿನಿಂದ? ಬ್ರೇಕ್ ಮಾಡುತ್ತ ತಿರುಗುವಾಗ ಬಾಲ ಜಾರಿದರೆ ಮೊದಲು ನೋಡುವುದು ಬ್ರೇಕ್ ಬಯಾಸ್. ಹೊರಬರುವಾಗ ಜಾರಿದರೆ ಹಿಂದಿನ ಬಾರ್ ಅಥವಾ ಸ್ಪ್ರಿಂಗು. ವೇಗದ ತಿರುವಿನಲ್ಲಿ ಮಾತ್ರ ಜಾರಿದರೆ ರೆಕ್ಕೆ, ಎತ್ತರ. ಎಲ್ಲ ಕಡೆ, ಎಲ್ಲ ಹಂತದಲ್ಲೂ ಜಾರಿತು ಅಂದರೆ ಹೆಚ್ಚಿನ ಸಲ ಟೈರಿನ ಗಾಳಿಯೇ ತಪ್ಪಿರುತ್ತದೆ.

ಗಾಳಿಯ ವಿಷಯಕ್ಕೇ ಬರೋಣ, ಎರಡು ಸುತ್ತಿನ ಕೀಲಿ ಇರುವುದೇ ಅಲ್ಲಿ. ಕಂಬಳಿ ಇಲ್ಲದ್ದರಿಂದ ಟೈರು ತಣ್ಣಗೆ ಹೊರಡುತ್ತದೆ, ಓಡುತ್ತ ಬಿಸಿಯಾಗಿ ಒತ್ತಡ ಏರುತ್ತದೆ. ನಮಗೆ ಬೇಕಾದ್ದು ಬಿಸಿಯಾದಾಗಿನ ಒತ್ತಡ, ತುಂಬಬೇಕಾದ್ದು ತಣ್ಣಗಿದ್ದಾಗ. 20 ಡಿಗ್ರಿಯಲ್ಲಿ 1.1 ಬಾರ್ ತುಂಬಿದ ಟೈರಿನ ಒಳಗಾಳಿ 80 ಡಿಗ್ರಿ ಮುಟ್ಟಿದರೆ ಮಾಪಕ ಸುಮಾರು 1.5 ತೋರಿಸುತ್ತದೆ. ಕಡಿಮೆ ತುಂಬಿದರೆ ಹದಕ್ಕೆ ಬರುವುದರಲ್ಲಿ ಸೆಷನ್ ಮುಗಿಯುತ್ತದೆ. ಹೆಚ್ಚು ತುಂಬಿದರೆ ಮೊದಲ ಸುತ್ತಿಗೇ ಹಿಡಿತ ಬರುತ್ತದೆ, ಮೂರನೆಯದಕ್ಕೆ ಟೈರು ಉಬ್ಬಿ ನೆಲಕ್ಕೆ ತಾಗುವ ಪಟ್ಟಿ ಕಿರಿದಾಗಿ ಜಾರತೊಡಗುತ್ತದೆ. ರೇಸಿಗೆ ಕಡಿಮೆ, ಕ್ವಾಲಿಫೈಯಿಂಗ್‌ಗೆ ತುಸು ಹೆಚ್ಚು ತುಂಬುವುದು ಇದೇ ಕಾರಣಕ್ಕೆ.

ಅಳೆಯುವಾಗ ಆಗುವ ಎಡವಟ್ಟು ಇದು. ನಾಲ್ಕು ಟೈರು ಟ್ರಾಲಿಯ ಮೇಲೆ ಟೆಂಟಿನ ಹೊರಗಿವೆ, ಎರಡರ ಮೇಲೆ ಬಿಸಿಲು, ಎರಡು ನೆರಳಲ್ಲಿ. ಬಿಸಿಲಿನವು ಹತ್ತು ಡಿಗ್ರಿ ಬೆಚ್ಚಗಾದರೆ ಮಾಪಕ ಸುಮಾರು 0.07 ಬಾರ್ ಹೆಚ್ಚು ತೋರಿಸುತ್ತದೆ. ಮೆಕ್ಯಾನಿಕ್ ಎಲ್ಲವನ್ನೂ ಒಂದೇ ಅಂಕಿಗೆ ತಂದು ತೃಪ್ತಿಯಿಂದ ಕೈ ಒರೆಸಿಕೊಳ್ಳುತ್ತಾನೆ. ಓಡುವಾಗ ನಾಲ್ಕೂ ಬಿಸಿಯಾದ ಮೇಲೆ ಬಿಸಿಲಿನ ಕಡೆಯವು ಅಷ್ಟು ಕಡಿಮೆ ಒತ್ತಡದಲ್ಲಿರುತ್ತವೆ, ಕಾರು ಒಂದು ಕಡೆಗೆ ತಿರುಗಲು ಹಟ ಮಾಡುತ್ತದೆ. ಅದಕ್ಕೇ ಟೈರುಗಳನ್ನು ಗಂಟೆ ಮೊದಲೇ ನೆರಳಿಗೆ ತಂದು, ಬಟ್ಟೆ ಮುಚ್ಚಿ, ಟೈರಿನ ಮತ್ತು ಗಾಳಿಯ ಉಷ್ಣತೆ ಬರೆದಿಟ್ಟು, ಆಮೇಲೆ ತುಂಬಬೇಕು. ಮಾಪಕ ಇಡೀ ಸೀಸನ್‌ಗೆ ಒಂದೇ. ಪಕ್ಕದ ಗ್ಯಾರೇಜಿನಿಂದ ಎರವಲು ತಂದ ಮಾಪಕ ಸುಳ್ಳು ಹೇಳದಿದ್ದರೂ ನಿಮ್ಮದರ ಜೊತೆ ತಾಳೆಯಾಗುವುದಿಲ್ಲ. ಕಾರು ಒಳಬಂದ ಕೂಡಲೇ, ಚಾಲಕ ಹೆಲ್ಮೆಟ್ ತೆಗೆಯುವ ಮೊದಲೇ, ನಾಲ್ಕೂ ಚಕ್ರದ ಬಿಸಿ ಒತ್ತಡ ಬರೆದುಕೊಳ್ಳಬೇಕು. ಎರಡು ನಿಮಿಷ ತಡವಾದರೆ ಆ ಅಂಕಿಗೆ ಬೆಲೆಯಿಲ್ಲ.

ಕ್ವಾಲಿಫೈಯಿಂಗ್ ಸಾಮಾನ್ಯವಾಗಿ 15 ನಿಮಿಷದ್ದು. ಇಟಲಿಯ ಮೊಂಝಾದಂಥ 5.793 ಕಿ.ಮೀ. ಟ್ರ್ಯಾಕಿನಲ್ಲಿ ಎಫ್4 ಕಾರಿಗೆ ಒಂದು ಸುತ್ತಿಗೆ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಬೇಕು. ಅಂದರೆ ಕೈಯಲ್ಲಿರುವುದು ಏಳು ಸುತ್ತು. ಹೊರಡುವ ಸುತ್ತು, ಟೈರು ಕಾಯಿಸುವ ಒಂದೆರಡು ಸುತ್ತು, ಆಮೇಲೆ ಆ ಎರಡು. ಕಾಯಿಸುವುದಕ್ಕೂ ಕ್ರಮ ಇದೆ. ಬರೀ ಹಾವಿನಂತೆ ಓಲಾಡಿಸಿದರೆ ಟೈರಿನ ಮೇಲ್ಮೈ ಬಿಸಿಯಾಗುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಒಳಗಿನವರೆಗೆ ಕಾವು ಹೋಗಬೇಕಾದರೆ ಗಟ್ಟಿಯಾಗಿ ಬ್ರೇಕ್ ಒತ್ತಿ ಮುಂದಿನ ಟೈರು, ಕಾಲು ಜೋರಾಗಿ ಕೊಟ್ಟು ಹಿಂದಿನ ಟೈರು ದುಡಿಯಬೇಕು. ಹಿಂದಿನವು ಮೊದಲು ಬಿಸಿಯಾಗಿ ಮುಂದಿನವು ತಣ್ಣಗಿದ್ದರೆ ಮೊದಲ ತಿರುವಿನಲ್ಲೇ ಮೂತಿ ಜಾರುತ್ತದೆ. "ಸೆಟಪ್ ಸರಿಯಿಲ್ಲ" ಎಂಬ ದೂರಿನ ಅರ್ಧಕ್ಕರ್ಧ ಇದೇ.

ಮೊಂಝಾದಲ್ಲಿ ಇನ್ನೊಂದು ತಲೆನೋವು. ನೇರ ರಸ್ತೆಗಳು ಉದ್ದ, ಮುಂದಿನ ಕಾರಿನ ಹಿಂದೆ ಗಾಳಿಯ ಮರೆಯಲ್ಲಿ ಹೋದರೆ ಸಮಯ ಗಣನೀಯವಾಗಿ ಉಳಿಯುತ್ತದೆ. ಹೀಗಾಗಿ ಯಾರೂ ಮುಂದೆ ಹೋಗಲು ಒಪ್ಪುವುದಿಲ್ಲ. ಕೊನೆಯ ಪ್ಯಾರಾಬೋಲಿಕಾ ತಿರುವಿಗೆ ಬರುವಷ್ಟರಲ್ಲಿ ಹತ್ತು ಹನ್ನೆರಡು ಕಾರು ಒಂದರ ಹಿಂದೊಂದು ತೆವಳುತ್ತಿರುತ್ತವೆ, ಕಾಯಿಸಿದ ಟೈರೆಲ್ಲ ತಣ್ಣಗಾಗುತ್ತದೆ, ಗಡಿಯಾರ ಮುಗಿಯುತ್ತದೆ. ತೀರಾ ನಿಧಾನ ಹೋದರೆ ದಂಡನೆಯೂ ಉಂಟು. ನಮ್ಮ ಅಭಿಪ್ರಾಯ ಕೇಳಿದರೆ, ತಂಡದ ಇಬ್ಬರು ಮೊದಲೇ ಮಾತಾಡಿಕೊಂಡು ಮೊದಲ ಸುತ್ತು ಒಬ್ಬರಿಗೆ, ಎರಡನೆಯದು ಇನ್ನೊಬ್ಬರಿಗೆ ಗಾಳಿಯ ಮರೆಯ ಎಳೆತ ಕೊಡುವುದೇ ಲೇಸು. ಮೂರು ಸೆಕೆಂಡು ಅಂತರ ಇಟ್ಟರೆ ತಿರುವಿನಲ್ಲಿ ಮುಂದಿನ ಕಾರು ಕದಡಿದ ಗಾಳಿಯ ಕಾಟ ಕಡಿಮೆ, ನೇರ ರಸ್ತೆಯಲ್ಲಿ ಲಾಭ ಒಂದಿಷ್ಟು ಉಳಿಯುತ್ತದೆ. ಇಷ್ಟೆಲ್ಲ ಕೂಡಿಬಂದಾಗ ನಾಲ್ಕೂ ಚಕ್ರ ಬಿಳಿ ಗೆರೆ ದಾಟಿ ಸುತ್ತು ರದ್ದಾಗುವುದೂ ಇದೆ. ಬಿಳಿ ಗೆರೆ ಟ್ರ್ಯಾಕಿನ ಭಾಗ, ಅದರಾಚೆಯ ಕರ್ಬ್ (ಬಣ್ಣದ ಅಂಚುಕಟ್ಟೆ) ಅಲ್ಲ. ಅಪಾಯ ಸೂಚಿಸಲು ಎರಡು ಹಳದಿ ಬಾವುಟ ಬೀಸುತ್ತಿದ್ದಾಗ ಹಾಕಿದ ಸಮಯವೂ ಲೆಕ್ಕಕ್ಕೆ ಬರುವುದಿಲ್ಲ.

ರೇಸಿನ ಆರಂಭ ಕ್ಲಚ್ಚಿನ ಕೆಲಸ. ಕ್ಲಚ್ ಕಾಲಿನಲ್ಲಿರಲಿ, ಸ್ಟೀರಿಂಗ್ ಹಿಂದಿನ ಪ್ಯಾಡಲಿನಲ್ಲಿರಲಿ, ಅದು ಕಚ್ಚುವ ಬಿಂದು ಬಿಸಿಗೆ ತಕ್ಕಂತೆ ಸರಿಯುತ್ತದೆ. ರೇಸಿಗೆ ಮೊದಲಿನ ಫಾರ್ಮೇಶನ್ ಸುತ್ತಿಗೆ ಹೊರಡುವಾಗಲೇ ಅದನ್ನು ಗಮನಿಸಿಕೊಂಡಿರಬೇಕು. ಐದು ಕೆಂಪು ದೀಪ ಒಂದೊಂದಾಗಿ ಹತ್ತಿ, ಒಟ್ಟಿಗೆ ಆರುತ್ತವೆ. ಆರುವ ಮೊದಲು ಕಾರು ತುಸು ಉರುಳಿದರೂ ಸೆನ್ಸರ್ ಹಿಡಿಯುತ್ತದೆ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಕಡಿಮೆಯಾದರೆ ಕಾರು ಮುಗ್ಗರಿಸಿ ನಿಲ್ಲುತ್ತದೆ, ಹೆಚ್ಚಾದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಎಂಜಿನ್ ನಿಂತುಹೋದರೆ ಕೈ ಎರಡನ್ನೂ ಮೇಲೆತ್ತಬೇಕು, ಹಿಂದಿನವರಿಗೆ ಚಾಲಕ ಕೊಡಬಹುದಾದ ಗುರುತು ಅದೊಂದೇ. ಅಭ್ಯಾಸಕ್ಕೆಂದು ಸಾಲಾಗಿ ಎಂಟು ಹತ್ತು ಸ್ಟಾರ್ಟ್ ಮಾಡಿಸಿದರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಮೂರಕ್ಕೆ ನಿಲ್ಲಿಸಿ ಆರಲು ಬಿಡಬೇಕು.

ನಿಂತ ಕಾರಿನ ಅಪಾಯ ಎಷ್ಟು ಅನ್ನುವುದಕ್ಕೆ 2017ರ ಏಪ್ರಿಲ್‌ನ ಡಾನಿಂಗ್ಟನ್ ಟ್ರ್ಯಾಕಿನ ಘಟನೆ ಸಾಕು. ಬ್ರಿಟಿಷ್ ಎಫ್4 ರೇಸಿನಲ್ಲಿ 17 ವರ್ಷದ ಬಿಲ್ಲಿ ಮಾಂಗರ್ ಮುಂದಿನ ಕಾರುಗಳ ಮರೆಯಲ್ಲಿದ್ದ, ಅವು ಪಕ್ಕಕ್ಕೆ ಸರಿದಾಗ ಎದುರಿಗೆ ನಿಂತ ಕಾರು. ಎರಡೂ ಕಾಲು ಹೋದವು. ಅವನು ಮತ್ತೆ ಓಡಿಸಿದ, ಅದು ಬೇರೆ ಮಾತು. ಮುಂದಿನ ಕಾರಿನ ಹಿಂಬದಿಯನ್ನಷ್ಟೇ ದಿಟ್ಟಿಸಿಕೊಂಡು ಹೋಗಬಾರದು, ಅದರಾಚೆಗೂ ಟ್ರ್ಯಾಕ್ ಪಕ್ಕದ ಮಾರ್ಷಲ್‌ಗಳ ಬಾವುಟದ ಕಡೆಗೂ ಕಣ್ಣಿರಬೇಕು ಎಂದು ಮೊದಲ ದಿನವೇ ಹೇಳಿಕೊಡುವುದು ಈ ಕಾರಣಕ್ಕೆ.

ಇನ್ನೊಂದು ಕಾರಿನ ಬೆನ್ನಿಗಂಟಿ ಓಡುವಾಗ ಮುಂದಿನ ರೆಕ್ಕೆಗೆ ಶುದ್ಧ ಗಾಳಿ ಸಿಗುವುದಿಲ್ಲ. ಉದ್ದನೆಯ ತಿರುವಿನಲ್ಲಿ ಮೂತಿ ಜಾರುತ್ತದೆ, ಚಾಲಕ ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತಾನೆ, ಮುಂದಿನ ಟೈರು ಕಾದು ಇನ್ನಷ್ಟು ಜಾರುತ್ತದೆ. ಐದು ಸುತ್ತು ಹೀಗೆ ಹೋದರೆ ಟೈರು ರೇಸಿನ ಕೊನೆಗೆ ಉಳಿಯುವುದಿಲ್ಲ. ದಾಟುವ ಸಿದ್ಧತೆ ಇಲ್ಲದಿದ್ದರೆ ಅರ್ಧ ಕಾರಿನಷ್ಟು ಪಕ್ಕಕ್ಕೆ ಸರಿದು, ಒಂದು ಸೆಕೆಂಡು ಅಂತರ ಬಿಟ್ಟು ಟೈರು ಆರಿಸಿಕೊಳ್ಳಬೇಕು. ಈ ತಾಳ್ಮೆ ಕಾರ್ಟಿಂಗ್‌ನಿಂದ ಬಂದವರಲ್ಲಿ ಇರುವುದಿಲ್ಲ, ಅಲ್ಲಿ ಅದರ ಅಗತ್ಯವೂ ಇಲ್ಲ.

ಮಳೆ ಬಂದರೆ ಎಲ್ಲ ತಿರುಗುಮುರುಗು. ಒಣ ಟ್ರ್ಯಾಕಿನಲ್ಲಿ ಹಿಡಿತ ಕೊಡುತ್ತಿದ್ದ ರಬ್ಬರಿನ ಗೆರೆ ನೀರು ಬಿದ್ದಾಗ ಎಣ್ಣೆಯಂತಾಗುತ್ತದೆ. ತಿರುವಿನ ಹೊರಬದಿಯಿಂದ ಸುತ್ತುಹಾಕಿ ಹೋಗಬೇಕು, ಇದನ್ನು ಮಾತ್ರ ಕಾರ್ಟಿನ ಮಕ್ಕಳಿಗೆ ಕಲಿಸಬೇಕಿಲ್ಲ. ಕರ್ಬಿನ ಬಣ್ಣ, ಬಿಳಿ ಗೆರೆ ಎರಡೂ ಮುಟ್ಟಬಾರದು. ಕಾರನ್ನು ಒಂದಿಷ್ಟು ಎತ್ತರಿಸಿ, ರೆಕ್ಕೆ ಹೆಚ್ಚಿಸಿ, ಬಾರ್ ಸಡಿಲಿಸುತ್ತೇವೆ. ಹಿಡಿತ ಕಡಿಮೆಯಿದ್ದಾಗ ಬ್ರೇಕಿನಲ್ಲಿ ಭಾರ ಮುಂದಕ್ಕೆ ಬರುವುದೂ ಕಡಿಮೆ, ಆದ್ದರಿಂದ ಬಯಾಸ್ ಹಿಂದಕ್ಕೆ. ಟ್ರ್ಯಾಕ್ ಒಣಗತೊಡಗಿದರೆ ಮಳೆ ಟೈರಿನ ಮೆದು ರಬ್ಬರು ಕೆಲವೇ ಸುತ್ತಿನಲ್ಲಿ ಹರಿದುಹೋಗುತ್ತದೆ. ನೇರ ರಸ್ತೆಯಲ್ಲಿ ಬೇಕೆಂದೇ ನೀರು ನಿಂತ ಕಡೆ ಓಡಿಸಿ ತಂಪು ಮಾಡಿಕೊಳ್ಳಬೇಕು.

ಡಿಕ್ಕಿಯಲ್ಲಿ ಮೊದಲು ಹೋಗುವುದು ಮುಂದಿನ ರೆಕ್ಕೆ, ಆಮೇಲೆ ಟ್ರ್ಯಾಕ್‌ರಾಡ್ (ಚಕ್ರ ತಿರುಗಿಸುವ ಕಡ್ಡಿ), ವಿಶ್‌ಬೋನ್ (ಚಕ್ರವನ್ನು ಕಾರಿಗೆ ಕೂಡಿಸುವ ತೋಳು). ರೆಕ್ಕೆ ಮುರಿದದ್ದು ಎಲ್ಲರಿಗೂ ಕಾಣುತ್ತದೆ. ಕಾಣದೆ ಕೆಡುವುದು ಟೋ. ಕರ್ಬ್ ಜೋರಾಗಿ ಹೊಡೆದ ಮೇಲೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಕಡೆ ವಾಲಿ ನಿಂತರೆ ಯಾವುದೋ ರಾಡು ಬಾಗಿದೆ ಎಂದೇ ಅರ್ಥ. ಅದನ್ನು ರೇಡಿಯೊದಲ್ಲೇ ಹೇಳಿಬಿಟ್ಟರೆ ನಮಗೆ ಹತ್ತು ನಿಮಿಷ ಉಳಿಯುತ್ತದೆ. ಕಾರಿನ ಎರಡೂ ಪಕ್ಕ ನೂಲು ಕಟ್ಟಿ ಚಕ್ರದ ಅಂಚು ಅಳೆಯುತ್ತೇವೆ. ಬಾಗಿದ ರಾಡನ್ನು ಬಡಿದು ನೆಟ್ಟಗೆ ಮಾಡಿ ಹಾಕಬಾರದು, ಬಿಸಾಡಬೇಕು. ಹುಲ್ಲಿನ ಮೇಲೆ ಹೋಗಿ ಬಂದ ಕಾರಿನ ರೇಡಿಯೇಟರ್ ಬಾಯಿಗೆ ಕೈ ಹಾಕಿ ನೋಡದೆ ಮತ್ತೆ ಕಳಿಸಬೇಡಿ. ಒಂದು ಹಿಡಿ ಹುಲ್ಲು ಸಾಕು ಎಂಜಿನ್ ಕುದಿಯಲು.

ರೇಸ್ ಮುಗಿದ ಮೇಲೂ ಕಳೆದುಕೊಳ್ಳುವುದಿದೆ. ಕಾರು ಮತ್ತು ಚಾಲಕನ ಕನಿಷ್ಠ ತೂಕ ಒಟ್ಟಾಗಿ ನೋಡುತ್ತಾರೆ, ಅರ್ಧ ಕಿಲೋ ಕಡಿಮೆಯಾದರೂ ಫಲಿತಾಂಶ ರದ್ದು. ಬೆವರಿ ಚಾಲಕನ ತೂಕ ಇಳಿದಿರುತ್ತದೆ, ಟೈರು ಸವೆದಿರುತ್ತದೆ. ಚೆಕ್ಕರ್ ಬಾವುಟದ ನಂತರದ ಸುತ್ತಿನಲ್ಲಿ ಗೆರೆ ಬಿಟ್ಟು ಪಕ್ಕದಲ್ಲಿ ಬಿದ್ದ ರಬ್ಬರಿನ ಚೂರುಗಳ ಮೇಲೆ ಓಡಿಸಿ ಟೈರಿಗೆ ಮೆತ್ತಿಸಿಕೊಂಡು ಬರುವುದನ್ನು ನೋಡಿರುತ್ತೀರಿ. ಅದು ಅಭ್ಯಾಸಬಲವಲ್ಲ, ತೂಕದ ಲೆಕ್ಕ.

ಪಾಯಿಂಟ್ಸ್ 25, 18, 15, 12, 10, 8, 6, 4, 2, 1 ಎಂದು ಹೋಗುತ್ತವೆ. ಐದು ರೇಸಿನಲ್ಲಿ ಎರಡು ಗೆದ್ದು ಮೂರರಲ್ಲಿ ಗೋಡೆಗೆ ಗುದ್ದಿದವರಿಗೆ 50. ಐದರಲ್ಲೂ ನಾಲ್ಕನೆಯವರಾಗಿ ಬಂದವರಿಗೆ 60, ಜೊತೆಗೆ ರಿಪೇರಿ ಬಿಲ್ಲೂ ಇಲ್ಲ. ಸೀಸನ್ ನಡುವೆ ಸಮಯ ಬಾರದಾದಾಗ ಎಲ್ಲರ ಕೈಯೂ ಸ್ಪ್ಯಾನರಿನ ಕಡೆ ಹೋಗುತ್ತದೆ. ಅದಕ್ಕೆ ಮೊದಲು ತಂಡದ ಇನ್ನೊಂದು ಕಾರಿನ ಡೇಟಾ ಜೊತೆ ಗೆರೆಗೆ ಗೆರೆ ಕೂರಿಸಿ ನೋಡಿ. ಅದೇ ಸೆಟಪ್ಪಿನ ಆ ಕಾರು ಅದೇ ತಿರುವಿನಲ್ಲಿ ಜಾರದಿದ್ದರೆ ಸ್ಪ್ಯಾನರ್ ಕೆಳಗಿಡಿ, ತಪ್ಪು ಕಾರಿನದಲ್ಲ, ಓಡಿಸುವುದರಲ್ಲಿದೆ. ಆ ಹೋಲಿಕೆಯಿಂದಲೂ ಉತ್ತರ ಸಿಗದಿದ್ದರೆ ಒಂದು ಸೆಷನ್ ಚಳಿಗಾಲದ ಮೂಲ ಸೆಟಪ್ಪಿಗೇ ಮರಳಿ. ಏಳು ಬದಲಾವಣೆಯಿಂದ ಸಿಗದ ಸಮಯ ಅಲ್ಲಿ ಸಿಕ್ಕಿದ್ದು ಎಷ್ಟೋ ಸಲ.

ಆಗಲೂ ಬ್ರೇಕಿನ ಗೆರೆ ದಿನಕ್ಕೊಂದು ಥರ ಬರುತ್ತಿದೆ, ಚಾಲಕ ಸ್ಟೀರಿಂಗ್ ಹಿಡಿದಾಗ ಮೊಣಕೈ ಮೊದಲಿಗಿಂತ ಮಡಚಿದೆ, ಮೊಣಕಾಲಿನ ಹತ್ತಿರ ಸೂಟು ಉಜ್ಜಿ ಬಣ್ಣ ಮಾಸಿದೆ ಅಂದರೆ ಸೀಟು ಹೊರಗೆ ತೆಗೆಯಿರಿ. ಹದಿನೈದರ ವಯಸ್ಸಿನವರು ಒಂದು ಸೀಸನ್ ಒಳಗೆ ಮೂರು ನಾಲ್ಕು ಸೆಂಟಿಮೀಟರ್ ಬೆಳೆದುಬಿಡುತ್ತಾರೆ, ಚಳಿಗಾಲದಲ್ಲಿ ತೆಗೆದ ಅಚ್ಚು ಬೇಸಿಗೆಗೆ ಹೊಂದುವುದಿಲ್ಲ. ಪೆಡಲುಗಳನ್ನು ಒಂದು ರಂಧ್ರ ಮುಂದಕ್ಕೆ ಸರಿಸಿ, ಸೀಟಿನ ತಳದಿಂದ ಒಂದಿಷ್ಟು ಕೆತ್ತಿ, ಪಕ್ಕದ ಫೋಮು ಹೊಸದಾಗಿ ಹೊಯ್ದರೆ ಅರ್ಧ ದಿನದ ಕೆಲಸ. ಕೆತ್ತಿದ ಮೇಲೆ ನಾಲ್ಕು ಚಕ್ರದ ತೂಕ ಮತ್ತೆ ನೋಡುವುದನ್ನು ಮರೆಯಬೇಡಿ.